ಮೊದಲು ಹಕ್ಕಿಯ ಫೋಟೊವೋ, ಪಕ್ಕದ ಚಪ್ಪಲಿಯೋ?

ಪ್ರಶ್ನೆ: ಕಡಲತೀರದಲ್ಲಿ ಹಕ್ಕಿಗಳ ಫೋಟೊ ತೆಗೆಯಲು ಹೋದಾಗಲೆಲ್ಲ ಚೌಕಟ್ಟಿನೊಳಗೆ ಬಾಟಲಿ, ಚಪ್ಪಲಿ, ತಿಂಡಿ ಪೊಟ್ಟಣ ಬಂದೇ ಬರುತ್ತವೆ. ಕಸ ಎತ್ತಿದ ಮೇಲೆ ಫೋಟೊ ತೆಗೆಯಬೇಕೇ, ಕಸದ ಸಮೇತ ತೆಗೆಯಬೇಕೇ? ಯಾರೋ ಎಸೆದದ್ದನ್ನು ನಾನೊಬ್ಬ ಎತ್ತಿದರೆ ಪ್ರಯೋಜನವುಂಟೇ?

ಉತ್ತರ: ಮೊದಲು ಫೋಟೊ, ಅದೂ ಕಸದ ಸಮೇತ. ಗೋಣಿಚೀಲ ಆಮೇಲೆ.

ಈ ಕ್ರಮವನ್ನು ನಾನು ಕಲಿತದ್ದು ಡಿಸೆಂಬರಿನ ಒಂದು ಬೆಳಿಗ್ಗೆಯನ್ನು ಕೈಯಾರೆ ಹಾಳುಮಾಡಿಕೊಂಡು. ಕುಂದಾಪುರದ ಕೋಡಿಯಲ್ಲಿ, ಪಂಚಗಂಗಾವಳಿ ಕಡಲು ಸೇರುವ ಅಳಿವೆಯ ಹತ್ತಿರ, ಅರವತ್ತರಷ್ಟು ಕಂದುತಲೆಯ ಕಡಲಕ್ಕಿಗಳು ಕುಳಿತಿದ್ದವು. ಹೆಸರಿಗಷ್ಟೇ ಕಂದುತಲೆ, ಚಳಿಗಾಲದಲ್ಲಿ ತಲೆಯೆಲ್ಲ ಬಿಳುಪು, ಕಣ್ಣಿನ ಹಿಂದೆ ಮಸಿ ಒರೆಸಿದಂಥ ಒಂದು ಚುಕ್ಕೆ. ಅಂಚಿನಲ್ಲಿದ್ದ ಹಕ್ಕಿ ಒಂಟಿ ಕಾಲಿನಲ್ಲಿ ನಿಂತಿತ್ತು, ಅದರ ಪಕ್ಕದಲ್ಲೇ ಒಂದು ನೀಲಿ ಹವಾಯಿ ಚಪ್ಪಲಿ. ಚಪ್ಪಲಿ ಇಲ್ಲದಿದ್ದರೆ ಎಂಥ ಚಿತ್ರ ಎನಿಸಿತು. ಮೆಲ್ಲಗೆ ಹೋಗಿ ಎತ್ತಿಬಿಡೋಣವೆಂದು ಹೊರಟೆ. ಹದಿನೈದು ಹೆಜ್ಜೆ ಇಟ್ಟಿರಬಹುದು, ಅರವತ್ತೂ ಒಟ್ಟಿಗೆ ಎದ್ದು ಅಳಿವೆಯ ಆಚೆ ಹೋದವು. ಆ ದಿನ ಮರಳಿ ಬರಲಿಲ್ಲ. ಲಡಾಖ್, ಟಿಬೆಟ್‌ಗಳ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯ ದಾಟಿ ಬಂದು ಕಾಲು ಚಾಚಿದ ಹಕ್ಕಿಗಳನ್ನು ಒಂದು ಚಪ್ಪಲಿಯ ಸಲುವಾಗಿ ಎಬ್ಬಿಸಿದ್ದೆ. ಅವು ಮರಳಿನ ಮೇಲೆ ಸುಮ್ಮನೆ ಕುಳಿತಂತೆ ಕಂಡರೂ ಅದು ಸುಸ್ತು ಆರಿಸಿಕೊಳ್ಳುವ ಹೊತ್ತು.

ಚಪ್ಪಲಿಯನ್ನು ತಿರುವಿ ನೋಡಿದಾಗ ಇನ್ನೊಂದು ಪಾಠ ಸಿಕ್ಕಿತು. ಅಟ್ಟೆಯ ತುಂಬ ಬೆರಳುಗುರಿನಂಥ ಬಿಳಿ ಚಿಪ್ಪುಗಳು, ಒಂದೊಂದಕ್ಕೂ ರಬ್ಬರಿನಂಥ ತೊಟ್ಟು. ಅವು ಗೂಸ್ ಬಾರ್ನಕಲ್ ಎಂಬ ಕಡಲಿನ ಚಿಪ್ಪುಜೀವಿಗಳು. ಬಾರ್ನಕಲ್‌ಗಳ ಈ ಬಗೆ ತೇಲುವ ವಸ್ತುಗಳಿಗೆ ಅಂಟಿಕೊಂಡು ಕಡಲಿನಲ್ಲೇ ಬೆಳೆಯುತ್ತದೆ. ಅಂದರೆ ಆ ಚಪ್ಪಲಿ ಹಿಂದಿನ ಸಂಜೆ ಗಾಳಿ ಸೇವನೆಗೆ ಬಂದವರದ್ದಲ್ಲ. ವಾರಗಟ್ಟಲೆ ಸಮುದ್ರದಲ್ಲಿ ತೇಲಿ ಬಂದದ್ದು. ಮನಸ್ಸಿನಲ್ಲೇ ಊರವರನ್ನು ಬೈದುಕೊಂಡಿದ್ದೆ, ಸ್ವಲ್ಪ ನಾಚಿಕೆಯಾಯಿತು.

ಕಸವನ್ನು ಇದ್ದಲ್ಲೇ, ಇದ್ದಂತೆಯೇ ಫೋಟೊ ತೆಗೆಯಿರಿ ಎನ್ನುವುದು ಇದಕ್ಕೇ. ನಮ್ಮ ಕರಾವಳಿಯ ಕಸಕ್ಕೆ ಮೂರು ತವರು. ಕಾಗದದ ಲೋಟ, ತಿಂಡಿ ಪೊಟ್ಟಣ ನಿನ್ನೆ ಬಂದವರು ಬಿಟ್ಟದ್ದು. ಔಷಧದ ಬಾಟಲಿ, ಶಾಂಪೂ ಡಬ್ಬಿ, ಹರಿದ ಪ್ಲಾಸ್ಟಿಕ್ ಕೊಟ್ಟೆ ಹೆಚ್ಚಾಗಿ ಮಳೆಗಾಲದಲ್ಲಿ ಹೊಳೆ ತಂದು ಕಡಲಿಗೆ ಕೊಟ್ಟದ್ದು, ಕಡಲು ನಮಗೆ ಹಿಂತಿರುಗಿಸಿದ್ದು. ಬಲೆಯ ತುಂಡು, ನೈಲಾನ್ ಹಗ್ಗ, ಥರ್ಮಾಕೋಲ್ ಮೀನುಗಾರಿಕೆಯದ್ದು. ಎತ್ತಿ ಗೋಣಿಗೆ ಹಾಕಿದ ಮೇಲೆ ಎಲ್ಲವೂ ಒಂದೇ ಕಸ. ಎಲ್ಲಿತ್ತು, ಯಾವ ಹಕ್ಕಿಯ ಕಾಲಬುಡದಲ್ಲಿತ್ತು ಎಂಬುದನ್ನು ಹೇಳಲು ಫೋಟೊ ಮಾತ್ರ ಉಳಿಯುತ್ತದೆ. 2019ರಲ್ಲಿ ಅಮೆರಿಕದ ಫ್ಲಾರಿಡಾದ ಸೇಂಟ್ ಪೀಟ್ ಕಡಲತೀರದಲ್ಲಿ ಸ್ಕಿಮ್ಮರ್ ಹಕ್ಕಿಯೊಂದು ತನ್ನ ಮರಿಗೆ ಸಿಗರೇಟಿನ ತುಂಡನ್ನು ಕೊಡುತ್ತಿದ್ದ ಚಿತ್ರ ಲೋಕವೆಲ್ಲ ಸುತ್ತಿತು. ಕೊಕ್ಕಿನ ತುದಿಯಲ್ಲಿ ಆ ತುಂಡು ಇಲ್ಲದಿದ್ದರೆ ಅದು ನೂರರಲ್ಲೊಂದು ತಾಯಿ-ಮರಿಯ ಚಿತ್ರವಾಗುತ್ತಿತ್ತು.

ಈಗ ಮೊಬೈಲಿನ ಮೇಲೆ ಬೆರಳಾಡಿಸಿದರೆ ಬಾಟಲಿ ಮಾಯ. ಮನೆಯ ಗೋಡೆಗೆ ಹಾಕುವ ಚಿತ್ರವಾದರೆ ನನ್ನ ತಕರಾರಿಲ್ಲ. ಆದರೆ ಸ್ಥಳದ ಹೆಸರು, ದಿನಾಂಕ ಹಾಕಿ ಹಂಚುವ ಚಿತ್ರದಿಂದ ಕಸವನ್ನು ಅಳಿಸಿದರೆ ಆ ತೀರದ ಬಗ್ಗೆ ಸುಳ್ಳು ಸಾಕ್ಷಿ ಹೇಳಿದ ಹಾಗೆ. ಮೂಲ ಚಿತ್ರವನ್ನಾದರೂ ಜೋಪಾನವಾಗಿಡಿ.

ಹಕ್ಕಿಯೇ ಮುಖ್ಯವಾಗಿ ಕಾಣಬೇಕೆಂದರೆ ದಾರಿಯಿದೆ. ಮರಳಿನ ಮೇಲೆ ಬೋರಲಾಗಿ ಮಲಗಿ ಲೆನ್ಸನ್ನು ಹಕ್ಕಿಯ ಕಣ್ಣಿನ ಎತ್ತರಕ್ಕೆ ತನ್ನಿ. ಹಿಂದೆ ಮುಂದೆ ಬಿದ್ದ ಕಸ ಬಣ್ಣದ ಮಸುಕಾಗಿ ಕರಗುತ್ತದೆ. ಬೆಳಗಿನ ಹೊತ್ತೇ ಹೋಗಿ. ಪಶ್ಚಿಮ ಕರಾವಳಿಯಲ್ಲಿ ಕಡಲಿಗೆ ಮುಖ ಮಾಡಿದರೆ ಆಗ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಚಳಿಗಾಲದ ಮುಂಜಾನೆ ಗಾಳಿ ಸಾಮಾನ್ಯವಾಗಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಕ್ಕಿಗಳು ಗಾಳಿಗೆ ಎದುರಾಗಿ ಕೂರುವುದರಿಂದ, ಬಸ್ ಬರುವ ದಿಕ್ಕನ್ನೇ ನೋಡುವ ಪ್ರಯಾಣಿಕರಂತೆ ಎಲ್ಲವೂ ನಿಮ್ಮತ್ತಲೇ ಮುಖ ಮಾಡಿರುತ್ತವೆ. ಬಿಸಿಲೇರಿ ಕಡಲ ಗಾಳಿ ಶುರುವಾದರೆ ಬೆನ್ನು ತಿರುಗಿಸುತ್ತವೆ. ಅಷ್ಟರೊಳಗೆ ನಿಮ್ಮ ಕೆಲಸ ಮುಗಿದಿರಲಿ.

ಹಕ್ಕಿಗಳು ತಾವಾಗಿ ಹಾರಿಹೋದ ಮೇಲೆ, ಅಥವಾ ಅವು ಕುಳಿತ ಜಾಗದಿಂದ ದೂರದಲ್ಲಿ, ಗೋಣಿ ಬಿಚ್ಚಿ. ಪ್ರಯೋಜನವುಂಟೇ ಎಂದು ಕೇಳಿದಿರಿ. ಉಂಟು. ತೀರದ ಕಸ ಬಿದ್ದಲ್ಲೇ ಇರುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಉಳಿದ ದಿನಗಳಿಗಿಂತ ಮೇಲೇರಿ ಅದನ್ನು ಮತ್ತೆ ಒಳಗೆ ಎಳೆಯುತ್ತದೆ. ಬಿಸಿಲು ಬಡಿದ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಇಡಿಯಾಗಿರುವಾಗ ಒಂದು ಡಬ್ಬಿಯನ್ನು ಎತ್ತಲು ಒಂದು ಸಲ ಬಗ್ಗಿದರೆ ಸಾಕು. ಚೂರಾದ ಮೇಲೆ ಯಾರ ಕೈಗೂ ಸಿಗದು. ಹಾಗಾಗಿ ಹುಣ್ಣಿಮೆಗೆ ಎರಡು ದಿನ ಮುಂಚೆ ಹೋಗುವುದು ನನ್ನ ರೂಢಿ.

ಎಲ್ಲವನ್ನೂ ಎತ್ತಲು ಆಗುವುದಿಲ್ಲ. ಹಾಗಾಗಿ ಮೊದಲು ತಂಗೂಸಿನ ದಾರ, ಬಲೆಯ ಚೂರು, ಗಾಳದ ಕೊಕ್ಕೆ. ಬಾಟಲಿ ಕಣ್ಣಿಗೆ ಕುಕ್ಕುತ್ತದೆ, ಆದರೆ ಹಕ್ಕಿಯ ಕಾಲನ್ನು ಕೊಯ್ಯುವುದು ಕಣ್ಣಿಗೆ ಕಾಣದ ತಂಗೂಸು. ಮರಳಿನಲ್ಲಿ ಅರ್ಧ ಹೂತ ದೊಡ್ಡ ಬಲೆಯನ್ನು ಎಳೆಯಲು ಹೋಗಬೇಡಿ, ಸೊಂಟ ಹಿಡಿಯುತ್ತದೆ. ಹೊರಗೆ ಕಾಣುವಷ್ಟನ್ನು ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ಹತ್ತಿರದಲ್ಲಿ ಮೀನುಗಾರರಿದ್ದರೆ ಕೇಳಿ, ನಾವು ಅರ್ಧ ಗಂಟೆ ಹೆಣಗುವುದನ್ನು ಅವರು ಐದು ನಿಮಿಷದಲ್ಲಿ ಮುಗಿಸುತ್ತಾರೆ. ಬಲೆಯಲ್ಲಿ ಜೀವಂತ ಹಕ್ಕಿ ಸಿಕ್ಕಿದ್ದರೆ ತಲೆಯ ಮೇಲೆ ಬಟ್ಟೆ ಹೊದಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಅರಣ್ಯ ಇಲಾಖೆಗೆ ತಿಳಿಸಿ. ಚುಚ್ಚಿಕೊಂಡ ಕೊಕ್ಕೆಯನ್ನು ಕೀಳಬೇಡಿ, ಬಾಯಿಗೆ ನೀರು ಸುರಿಯಬೇಡಿ.

ಎತ್ತಬಾರದ್ದೂ ಇದೆ. ಅಲೆ ಬಿಟ್ಟುಹೋದ ಪಾಚಿ, ಸೊಪ್ಪು, ಕಟ್ಟಿಗೆ ಕಸವಲ್ಲ. ಅದರಡಿಯಲ್ಲಿ ಕುಪ್ಪಳಿಸುವ ಸಣ್ಣ ಹುಳುಗಳೇ ಮರಳಿನ ಮೇಲೆ ಓಡಾಡುವ ಪ್ಲೋವರ್ ಹಕ್ಕಿಗಳ ತಿಂಡಿ. ಸ್ವಚ್ಛತಾ ಅಭಿಯಾನಗಳಲ್ಲಿ ತೀರವನ್ನು ಅಂಗಳದಂತೆ ಗುಡಿಸುವುದನ್ನು ಕಂಡಿದ್ದೇನೆ. ಫ್ಲೆಕ್ಸ್ ಹಿಡಿದು ಗುಂಪು ಫೋಟೊ ಆದ ಮೇಲೆ ಅದೇ ಅಭಿಯಾನದ ಚಹಾ ಲೋಟಗಳನ್ನು ಆಯ್ದದ್ದೂ ಉಂಟು.

ಗೋಣಿ ತುಂಬಿದ ಮೇಲೆ ತೀರದ ತೊಟ್ಟಿಗೆ ಸುರಿದು ಬಂದರೆ ನಾಯಿ, ಕಾಗೆಗಳು ಮತ್ತೆ ಹರಡುತ್ತವೆ. ಮರಳು ಕೊಡವಿ ಗ್ರಾಮ ಪಂಚಾಯಿತಿಯ ಒಣ ಕಸ ಘಟಕಕ್ಕೆ ತಲುಪಿಸಿ. ಉಡುಪಿ ಜಿಲ್ಲೆಯ ಹಲವು ಪಂಚಾಯಿತಿಗಳಲ್ಲಿ ಇಂಥ ಘಟಕಗಳಿವೆ. ಕೈಗವಸು ಹಾಕಿಕೊಳ್ಳಿ, ಸಿರಿಂಜ್ ಸಿಗುವುದು ಅಪರೂಪವೇನಲ್ಲ. ಕಸ ಮುಟ್ಟಿದ ಕೈಯನ್ನು ಸಿಹಿನೀರಿನಲ್ಲಿ ತೊಳೆಯದೆ ಮಾತ್ರ ಕ್ಯಾಮೆರಾ ಹಿಡಿಯಬೇಡಿ. ಆ ಚಪ್ಪಲಿಯ ದಿನ ನಾನು ತೊಳೆದಿರಲಿಲ್ಲ. ಲೆನ್ಸಿನ ಜೂಮ್ ಉಂಗುರ ಇಂದಿಗೂ ತಿರುಗಿಸಿದರೆ ಕರಕರ ಎನ್ನುತ್ತದೆ.