ನೆರಿಗೆ ಹಿಡಿದ ಹಾಳೆ

"ಸಾರ್, ಸೇತುವೆ ನಿಲ್ಬೇಕಂದ್ರೆ ಬಲಿ ಕೊಡ್ಬೇಕಂತೆ, ಹೌದಾ? ನಮ್ಮಜ್ಜಿ ಹೇಳ್ತಾಳೆ."

ಕೇಳಿದವಳು ನಾಲ್ಕನೇ ಕ್ಲಾಸಿನ ಹುಡುಗಿ. ಚಿತ್ರದುರ್ಗದ ಹತ್ತಿರದ ಒಂದು ಹಳ್ಳಿ ಶಾಲೆ. ನನಗೆ ಸಂಕಟವಾಯಿತು. ಸುಮ್ನೆ "ಅದೆಲ್ಲ ಸುಳ್ಳು" ಅಂದರೆ ಮಗು ಅಜ್ಜಿಯನ್ನೇ ನಂಬುತ್ತದೆ. ಅದಕ್ಕೇ ನೋಟ್‌ಬುಕ್ಕಿನಿಂದ ಒಂದು ಹಾಳೆ ಕೀಳಲು ಹೇಳಿದೆ.

ಪುಸ್ತಕಗಳ ಎರಡು ರಾಶಿ, ನಡುವೆ ಅರ್ಧ ಗೇಣು ಜಾಗ. ಮೇಲೆ ಹಾಳೆ ಹಾಸಿ ನಾಣ್ಯ ಇಟ್ಟಳು. ಹಾಳೆ ಬಾಗಿ ನಾಣ್ಯ ಜಾರಿತು. ಅದೇ ಹಾಳೆಯನ್ನು ಸೀರೆ ನೆರಿಗೆ ಹಿಡಿದ ಹಾಗೆ ಮಡಿಚಿದಳು. ಈಗ ಹತ್ತು ನಾಣ್ಯ ನಿಂತವು. ಹಾಳೆ ಅದೇ, ತೂಕ ಅದೇ.

ಎರಡು ತುದಿಗೂ ಆಸರೆ ಇರುವ ವಸ್ತು ನಡುವಿನ ಭಾರಕ್ಕೆ ಬಾಗುವಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಹಿಗ್ಗುತ್ತದೆ. ನಡುವೆ ಎರಡೂ ಇಲ್ಲದ ಒಂದು ಪದರ. ಆ ಪದರದಿಂದ ದೂರ ಇದ್ದಷ್ಟೂ ವಸ್ತುವಿನ ಹಿಡಿತ ಜಾಸ್ತಿ. ಹಾರೆಯನ್ನು ತುದಿಯಲ್ಲಿ ಹಿಡಿದು ಒತ್ತಿದರೆ ಕಲ್ಲು ಸುಲಭವಾಗಿ ಏಳುತ್ತದೆ ಅಲ್ವಾ, ಹಾಗೆ. ನೆರಿಗೆ ಮಾಡುವುದು ಇಷ್ಟೇ: ಕಾಗದವನ್ನು ಮೇಲಕ್ಕೂ ಕೆಳಕ್ಕೂ ದೂರ ಕಳಿಸುತ್ತದೆ. ಪಟ್ಟಿಯ ಎತ್ತರ ಎರಡು ಪಟ್ಟಾದರೆ ಬಾಗದ ಬಲ ಎಂಟು ಪಟ್ಟು! 30 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಸ್ಕೇಲನ್ನು ಮಲಗಿಸಿ ಬಾಗಿಸಿ ನೋಡಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ನೋಡಿ. ನಿಲ್ಲಿಸಿದಾಗ ನೂರು ಪಟ್ಟು ಗಟ್ಟಿ. ದನದ ಕೊಟ್ಟಿಗೆಯ ತಗಡಿನ ಶೀಟಿಗೆ ಅಲೆ ಇರುವುದು ಇದಕ್ಕೇ. ಚನ್ನಗಿರಿ ಕಡೆ ಅಡಿಕೆ ಹಾಳೆಯ ತಟ್ಟೆ ಅನ್ನ ಸಾರಿನ ಭಾರಕ್ಕೂ ಬಾಗುವುದಿಲ್ಲ, ಅದರ ಅಂಚು ಎದ್ದಿರುತ್ತದೆ.

ಟೆಕ್ನಾಲಜಿ ಕಲಿಸುವುದು ಅಂದ ಕೂಡಲೇ ನಮ್ಮವರು ಕಂಪ್ಯೂಟರ್ ಕೋಣೆಯ ಬೀಗದ ಕೈ ಹುಡುಕುತ್ತಾರೆ. ಇಂಗ್ಲೆಂಡಿನಲ್ಲಿ 1990ರಿಂದ ಐದು ವರ್ಷದ ಮಕ್ಕಳಿಗೂ 'ವಿನ್ಯಾಸ ಮತ್ತು ತಂತ್ರಜ್ಞಾನ' ಒಂದು ಪಾಠ. ಯಾರಿಗೆ ಏನು ಬೇಕು ಅಂತ ಕೇಳುವುದು, ಚಿತ್ರ ಬರೆಯುವುದು, ಮಾಡುವುದು, ಕೆಟ್ಟರೆ ತಿದ್ದುವುದು. ಅದಕ್ಕೂ ಮೊದಲೇ, 1937ರಲ್ಲಿ, ಗಾಂಧೀಜಿ ವಾರ್ಧಾದಲ್ಲಿ ಕೈಕಸುಬನ್ನು ನಡುವೆ ಇಟ್ಟು ಪಾಠ ಕಟ್ಟಬೇಕು ಅಂದಿದ್ದರು.

ನಮ್ಮ ದುರ್ಗದ ಮಕ್ಕಳಿಗಂತೂ ಪಾಠ ಮನೆ ಎದುರೇ ಇದೆ. ಏಳು ಸುತ್ತಿನ ಕೋಟೆಯ ಬಾಗಿಲಿಗೆ ಹೋಗುವ ದಾರಿ ಹಾವಿನ ಹಾಗೆ ತಿರುಗುತ್ತದೆ. ಯಾಕೆ ನೇರ ಮಾಡಲಿಲ್ಲ ಅಂತ ಅದೇ ಕ್ಲಾಸಿನಲ್ಲಿ ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು, "ಆನೆಗೆ ಓಡಿ ಬಂದು ಗುದ್ದೋಕೆ ಜಾಗ ಸಿಗಬಾರ್ದು ಸಾರ್" ಅಂದ. ಕಟ್ಟಿದವನ ತಲೆಯೊಳಗೆ ಹೊಕ್ಕು ಬಂದಿದ್ದ ಅವನು!

ಅಷ್ಟರಲ್ಲಿ ಆ ಹುಡುಗಿ ಸೇತುವೆಯ ಮೇಲೆ ಡಸ್ಟರ್ ಇಟ್ಟಿದ್ದಳು. ಕುಸಿಯಿತು. ಬಗ್ಗಿ ನೋಡಿದಳು. ನೆರಿಗೆಗಳು ಅಗಲಕ್ಕೆ ಹರಡಿ ಚಪ್ಪಟೆಯಾಗಿದ್ದವು. ನಾನು ಏನೂ ಹೇಳಲಿಲ್ಲ. ಬಿಸಿಯೂಟದ ಅನ್ನದ ಅಗುಳು ತಂದು ಹಿಸುಕಿದಳು, ನೆರಿಗೆಯ ಮೇಲೊಂದು ಕೆಳಗೊಂದು ಹಾಳೆ ಅಂಟಿಸಿ ಬಿಸಿಲಿಗಿಟ್ಟಳು. ರಟ್ಟಿನ ಪೆಟ್ಟಿಗೆಯ ಗೋಡೆ ಒಳಗೆ ಇರುವುದೂ ಇದೇ. ನೆರಿಗೆ ಹರಡದ ಹಾಗೆ ಆ ಎರಡು ಹಾಳೆ ಹಿಡಿದುಕೊಳ್ಳುತ್ತವೆ.

ಒಣಗಿದ ಮೇಲೆ ಡಸ್ಟರ್ ಇಟ್ಟಳು. ನಿಂತಿತು. "ಮನೆಗೆ ಒಯ್ಲಾ ಸಾರ್? ಅಜ್ಜಿಗೆ ತೋರಿಸ್ಬೇಕು" ಅಂದಳು.