ಬೂದಿ ಹಾಕದ ಹನ್ನೆರಡು ಮರ

ಮೇ ಕೊನೆ ಬಂತೆಂದರೆ ಶಿರಸಿ, ಸಿದ್ದಾಪುರ ಕಡೆಯಿಂದ ನನಗೆ ಬರುವ ಫೋನಿನಲ್ಲಿ ಒಂದೇ ಪ್ರಶ್ನೆ. "ಸರ್, ಅಡಿಕೆಯ ಕೊಳೆರೋಗದ ಮದ್ದಿಗೆ ಹೋಮದ ಬೂದಿ ಸೇರಿಸಿ ಹೊಡೆದಿದ್ದೆವು, ಹೋದ ವರ್ಷ ಒಂದು ಕಾಯಿ ಉದುರಲಿಲ್ಲ. ಈ ಸಲವೂ ಹಾಕಬಹುದಲ್ಲ?"

ಬೂದಿ ಹಾಕದ ಮರ ಎಷ್ಟು ಬಿಟ್ಟಿದ್ದಿರಿ? ಒಂದೂ ಇಲ್ಲ. ಹಾಗಾದರೆ ಬೂದಿಯಿಂದಲೇ ಅಂತ ಹೇಗೆ ಗೊತ್ತಾಯಿತು ಮಾರಾಯ್ರೆ? ಮಳೆ ಬಿಟ್ಟು ಬಿಟ್ಟು ಬಂದಿರಬಹುದು. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಹೊತ್ತಿಗೆ ಸರಿಯಾಗಿ ಸಿಕ್ಕಿರಬಹುದು, ಅದೂ ಒಂದು ಪವಾಡವೇ.

ಇಷ್ಟು ಕೇಳಿದರೆ ಸಾಕು, "ನಿಮಗೆ ದೇವರ ಮೇಲೆ ನಂಬಿಕೆ ಇಲ್ಲವಾ" ಎನ್ನುತ್ತಾರೆ. ನಮ್ಮ ಮನೆಯಲ್ಲೂ ಮಾರಿಕಾಂಬೆಗೆ ಉಡಿ ತುಂಬುತ್ತಾರೆ. ನಾನು ಹೇಳುವುದು ಬೇರೆ. ನೀವು ಬೇಡಿಕೊಂಡದ್ದು ಇಡೀ ತೋಟಕ್ಕೆ. ಹರಕೆ ಎಲ್ಲ ಮರಕ್ಕೂ ಇದೆ, 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಬೋರ್ಡೋ, ಅಂದರೆ ಆ ಕೊಳೆ ಮದ್ದು ಕೂಡ ಎಲ್ಲ ಮರಕ್ಕೂ ಬೀಳುತ್ತದೆ. ಬೂದಿಯೊಂದನ್ನು ಕೆಲವು ಮರಕ್ಕೆ ತಪ್ಪಿಸಿ, ಉದುರಿದ ಕಾಯಿ ಎಣಿಸಿ. ವ್ಯತ್ಯಾಸ ಕಂಡರೆ ಅದು ಬೂದಿಯಿಂದ ಇರಬಹುದು ಎನ್ನಬಹುದು, ಹರಕೆ ಎರಡೂ ಕಡೆ ಇತ್ತಲ್ಲ. ಕಾಣದಿದ್ದರೆ ದೇವರು ನಪಾಸಾದ ಹಾಗಲ್ಲ, ಪರೀಕ್ಷೆಗೆ ಕೂತದ್ದು ಬೂದಿ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಹೋಗಿದೆ.

ಬೋರ್ಡೋ ಸಿಕ್ಕಿದ್ದೇ ಹೀಗೆ. 1882ರಲ್ಲಿ ಫ್ರಾನ್ಸಿನ ಮೆಡೋಕ್‌ನಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತುಕೊಂಡು ಹೋಗಬಾರದೆಂದು ರೈತರು ರಸ್ತೆ ಬದಿಯ ಬಳ್ಳಿಗೆ ಮಾತ್ರ ಮೈಲುತುತ್ತ, ಸುಣ್ಣ ಬಳಿದಿದ್ದರು. ಒಳಗಿನ ಬಳ್ಳಿಗೆ ಬೂಜುರೋಗ, ರಸ್ತೆ ಬದಿಯದಕ್ಕೆ ಇಲ್ಲ. ಅದು ಸಸ್ಯವಿಜ್ಞಾನಿ ಮಿಲಾರ್ಡೆಯ ಕಣ್ಣಿಗೆ ಬಿತ್ತು, 1885ರಲ್ಲಿ ಪ್ರಕಟಿಸಿದ. ರೈತರು ಧಾರಾಳಿಗಳಾಗಿ ಇಡೀ ತೋಟಕ್ಕೆ ಬಳಿದಿದ್ದರೆ ಅವನಿಗೆ ಏನು ಕಾಣುತ್ತಿತ್ತು?

ಒಂದು ಎಚ್ಚರಿಕೆ. ಒಂದು ತೋಟದ ಒಂದು ಮಳೆಗಾಲದಿಂದ ಏನೂ ಸಿದ್ಧವಾಗುವುದಿಲ್ಲ. ಬೂದಿ ಸೋಸದಿದ್ದರೆ ನಾಝಲ್ ಕಟ್ಟುತ್ತದೆ, ಅದೂ ಕ್ಷಾರವಾದ್ದರಿಂದ ಮದ್ದಿನ ಹದ ಕೆಡಬಹುದು. ಉಜ್ಜಿದ ಕತ್ತಿ ಅದ್ದಿ ನೋಡುವುದನ್ನು ಬೂದಿ ಹಾಕುವ ಮೊದಲೇ ಮಾಡಿ. ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಇನ್ನು ಬಿಡುವ ಮರ ನೀವೇ ಆರಿಸಬೇಡಿ. ಎಲ್ಲರೂ ಹಳ್ಳದ ಬದಿಯ ಬಡಕಲು ಮರಗಳನ್ನೇ ತೋರಿಸುತ್ತಾರೆ.

ಘಟ್ಟದ ಅಂಚಿನ ಮನೆಯೊಂದರಲ್ಲಿ ಇದನ್ನೆಲ್ಲ ಕೇಳಿದ ಅಜ್ಜಿ, ಮರದ ನಂಬರಿನ ಚೀಟಿಗಳನ್ನು ದೇವರ ಮುಂದಿಟ್ಟು ಮೊಮ್ಮಗಳ ಕೈಯಲ್ಲಿ ಹನ್ನೆರಡು ಎತ್ತಿಸಿದರು. ನಾನು ಹೇಳಿಕೊಡಬೇಕಾದ ವಿಧಾನ ಅದೇ! ಬಲು ಖುಷಿಯಾಯಿತು. ಆಗಸ್ಟಿನಲ್ಲಿ ಕಾಯಿ ಎಣಿಸಲು ಹೋದರೆ ಮಗ ಮುಖ ತಪ್ಪಿಸುತ್ತಿದ್ದಾನೆ. ಅಜ್ಜಿಯೇ ಕವಳದ ಬಟ್ಟಲು ಮುಂದಿಟ್ಟು ಹೇಳಿದರು: "ಆ ಹನ್ನೆರಡಕ್ಕೆ ಮಾತ್ರ ಇಲ್ಲೆ ಅಂದ್ರೆ ಹ್ಯಾಂಗೆ ತಮಾ? ಮರುದಿನವೇ ನಾನೇ ಬುಡಕ್ಕೆ ಒಂದೊಂದು ಮುಷ್ಟಿ ಹಾಕ್ಸಿದ್ದಿ."