ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ ಅನ್ನುವುದು ಯಾಕೆ?

ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿ ಅದರ ಲೋಹದ ಮೈ ಸವರಿದರೆ ಜುಮ್ ಅನ್ನುತ್ತೆ. ಟೆಸ್ಟರ್ ಇಟ್ಟರೆ ದೀಪವೂ ಹತ್ತುತ್ತೆ. 'ಕರೆಂಟ್ ಲೀಕ್ ಆಗ್ತಿದೆ, ಅಡಾಪ್ಟರ್ ಕೆಟ್ಟಿದೆ' ಅನ್ನುವವರು ಬಹಳ. ಲೀಕ್ ಆಗುತ್ತಿರುವುದು ನಿಜ. ಆದರೆ ಒಳ್ಳೆಯ ಅಡಾಪ್ಟರ್‌ನಲ್ಲಿ ಅದನ್ನು ನಮ್ಮಂಥ ಡಿಸೈನ್ ಎಂಜಿನಿಯರ್‌ಗಳು ಗೊತ್ತಿದ್ದೇ ಬಿಟ್ಟಿರುತ್ತೇವೆ.

ಅಡಾಪ್ಟರ್ ಒಳಗೆ 230 ವೋಲ್ಟ್ ಎಸಿ ಮೊದಲು ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದನ್ನು ಮಾಸ್‌ಫೆಟ್ ಅನ್ನುವ ಒಂದು ಎಲೆಕ್ಟ್ರಾನಿಕ್ ಸ್ವಿಚ್ ಸೆಕೆಂಡಿಗೆ 65,000 ಸಲದ ಆಸುಪಾಸಿನಲ್ಲಿ ಆನ್-ಆಫ್ ಮಾಡುತ್ತಿರುತ್ತದೆ. ಪ್ರತಿ ಸಲವೂ ನೂರಾರು ವೋಲ್ಟ್ ಕಣ್ಣುಮುಚ್ಚಿ ತೆರೆಯುವುದಕ್ಕಿಂತ ಎಷ್ಟೋ ಬೇಗ ಏರಿ ಇಳಿಯುತ್ತದೆ. ಟ್ರಾನ್ಸ್‌ಫಾರ್ಮರ್‌ನ ಎರಡು ಸುತ್ತುಗಳು ಒತ್ತಿಕೊಂಡೇ ಇರುತ್ತವಲ್ಲ, ಅವುಗಳ ನಡುವಿನ ಕೆಪಾಸಿಟೆನ್ಸ್ (ತಾಗದೆಯೂ ಏರಿಳಿಯುವ ಕರೆಂಟನ್ನು ದಾಟಿಸುವ ಗುಣ) ಹಿಡಿದು ಈ ಗಲಾಟೆ, ನಮ್ಮ ಮಾತಲ್ಲಿ ನಾಯ್ಸ್, ಔಟ್‌ಪುಟ್ ಕಡೆಗೆ ದಾಟುತ್ತದೆ. ವಾಪಸ್ ಬರಲು ಹತ್ತಿರದ ದಾರಿ ಇಲ್ಲದಿದ್ದರೆ ಚಾರ್ಜರ್ ವೈರು, ನೆಲ, ಮನೆಯ ವೈರಿಂಗ್ ಎಲ್ಲ ಸುತ್ತಿ ಬರುತ್ತದೆ. ಆಗ ವೈರೇ ಆಂಟೆನಾ. ಎಎಂ ರೇಡಿಯೋ ಗೊರಗೊರ ಅನ್ನುತ್ತೆ. ಅಗ್ಗದ ಚಾರ್ಜರ್ ಹಾಕಿದಾಗ ಫೋನಿನ ಟಚ್ ತನಗೆ ತೋಚಿದಂತೆ ಆಡುತ್ತಲ್ಲ, ಅದಕ್ಕೂ ಹೆಚ್ಚಾಗಿ ಇದೇ ಕಾರಣ.

ಆ ಹತ್ತಿರದ ದಾರಿಯೇ ವೈ ಕೆಪಾಸಿಟರ್. ಪ್ರೈಮರಿಗೂ (ಮೇನ್ಸ್ ಕಡೆ) ಸೆಕೆಂಡರಿಗೂ (ಔಟ್‌ಪುಟ್ ಕಡೆ) ನಡುವೆ ಕೂತ, ಸಾಮಾನ್ಯವಾಗಿ ನೀಲಿ ಬಣ್ಣದ ಪುಟ್ಟ ಬಿಲ್ಲೆ. ತೊಂದರೆ ಏನೆಂದರೆ, ಅದರ ಮೂಲಕ 50 ಹರ್ಟ್ಸ್ ಕರೆಂಟೂ ಸ್ವಲ್ಪ ನುಸುಳುತ್ತದೆ. 2.2 ನ್ಯಾನೋಫ್ಯಾರಡ್ ಹಾಕಿದರೆ 230 ವೋಲ್ಟ್‌ಗೆ ಹೆಚ್ಚೆಂದರೆ 0.16 ಮಿಲಿಆಂಪ್. ಎರಡು ಪಿನ್ನಿನ ಅಡಾಪ್ಟರ್‌ಗೆ ಐಇಸಿ 60950-1 ಅನ್ನುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ ಕೊಟ್ಟಿದ್ದ ಮಿತಿ 0.25. ಅದರೊಳಗಿದ್ದರೆ ಜುಮ್ ಅನ್ನಬಹುದು, ಅಪಾಯವಿಲ್ಲ. 4.7 ಹಾಕಿ ನೋಡಿ, ಅದೇ ಲೆಕ್ಕ 0.34ಕ್ಕೆ ಹೋಗುತ್ತದೆ.

ಕೆಪಾಸಿಟರ್ ದೊಡ್ಡದಾದಷ್ಟೂ ನಾಯ್ಸ್ ಕಡಿಮೆ, ಲೀಕ್ ಜಾಸ್ತಿ. ಜಗಳ ಶುರುವಾಗುವುದು ಇಲ್ಲೇ. ಇಎಂಸಿ ಲ್ಯಾಬ್‌ನಲ್ಲಿ, ಅಂದರೆ ಉಪಕರಣ ಹೊರಗೆ ಬಿಡುವ ಈ ಗಲಾಟೆಯನ್ನು ಪರೀಕ್ಷಿಸುವ ಕಡೆ, 150 ಕಿಲೋಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ನಾಯ್ಸ್ ಅಳೆಯುತ್ತಾರೆ. ಎಲ್ಲೋ ಒಂದು ಕಡೆ ಅದು ಮಿತಿಯ ಗೆರೆ ದಾಟಿರುತ್ತದೆ. ಲ್ಯಾಬ್ ಬಾಡಿಗೆ ಗಂಟೆ ಲೆಕ್ಕ. ಸರಿ, ದೊಡ್ಡ ವೈ ಕೆಪಾಸಿಟರ್ ಬೆಸುಗೆ ಹಾಕಿ, ಪಾಸ್ ಮಾಡಿಸಿ ಹೊರಡುವುದು. ಲೀಕೇಜ್ ಟೆಸ್ಟ್ ಹಳೆಯ ಬೋರ್ಡಿನದ್ದೇ ಫೈಲಿನಲ್ಲಿ ಉಳಿಯುತ್ತದೆ! ನನ್ನ ಮಟ್ಟಿಗೆ ಇದು ಸೋಮಾರಿ ದಾರಿ. ಟ್ರಾನ್ಸ್‌ಫಾರ್ಮರ್‌ನಲ್ಲೇ ಎರಡು ಸುತ್ತುಗಳ ನಡುವೆ ತಡೆಯಾಗಿ ಒಂದು ಶೀಲ್ಡ್ ಸುತ್ತು ಹಾಕಿದರೆ ಆಚೆ ದಾಟುವ ನಾಯ್ಸೇ ಕಡಿಮೆಯಾಗುತ್ತದೆ, ಸಣ್ಣ ಕೆಪಾಸಿಟರ್ ಸಾಕಾಗುತ್ತದೆ. ಖರ್ಚು ತುಸು ಜಾಸ್ತಿ, ಅದಕ್ಕೇ ಪರ್ಚೇಸ್‌ನವರಿಗೆ ಇಷ್ಟವಿಲ್ಲ.

ಬೆಲೆಗಿಂತ ಮುಖ್ಯ ಆ ಬಿಲ್ಲೆಯ ಜಾತಿ. ವೈ1 ದರ್ಜೆಯದು 8,000 ವೋಲ್ಟ್ ಇಂಪಲ್ಸ್ (ಕ್ಷಣಮಾತ್ರದ ಹೊಡೆತ) ತಡೆಯಬೇಕು. ನಕಲಿ ಚಾರ್ಜರ್‌ಗಳಲ್ಲಿ ಆ ಜಾಗದಲ್ಲಿ ಸಾಮಾನ್ಯ 1,000 ವೋಲ್ಟಿನ ಬಿಲ್ಲೆ ಕೂತಿರುತ್ತದೆ. ನೋಡಲು ಒಂದೇ ಥರ. ಅದು ಶಾರ್ಟ್ ಆದ ದಿನ ಮೇನ್ಸ್ ನೇರ ಯುಎಸ್‌ಬಿ ಕೇಬಲ್‌ಗೆ. ಚಾರ್ಜರ್ ಮೇಲೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನ ಗುರುತಿನ ಜತೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು ಅನ್ನುವುದು ಇದಕ್ಕೇ. ಆದರೆ ಆ ಗುರುತು ಸುರಕ್ಷತೆಯದ್ದು ಮಾತ್ರ. ನಾಯ್ಸ್ ಕಡಿಮೆ ಇದೆ ಅಂತ ಅದು ಹೇಳುವುದಿಲ್ಲ.

ನಿಮ್ಮ ಅಡಾಪ್ಟರ್ ಮೂರು ಪಿನ್ನಿನದ್ದಾಗಿದ್ದೂ ಜುಮ್ ಅನ್ನುತ್ತಿದ್ದರೆ, ಮೊದಲು ಅಡಾಪ್ಟರ್ ಮೇಲಲ್ಲ, ಗೋಡೆಯ ಸಾಕೆಟ್ ಮೇಲೆ ಅನುಮಾನ ಪಡಿ. ಅರ್ತ್ ಸರಿ ಇದ್ದರೆ ಈ ಲೀಕ್ ಅದರ ಮೂಲಕವೇ ಹೋಗಬೇಕಿತ್ತು. ಎಷ್ಟೋ ಹಳೆ ಮನೆಗಳಲ್ಲಿ ಅರ್ತ್ ತೂತು ಸುಮ್ನೆ ತೂತು ಅಷ್ಟೇ, ಹಿಂದೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಜುಮ್ ಅಲ್ಲ, ಕೈ ಎಳೆದುಕೊಳ್ಳುವಂತೆ ಹೊಡೆಯಿತು ಅಂದರೆ ಮಾತ್ರ ಆ ಅಡಾಪ್ಟರ್ ಅನ್ನು ಮತ್ತೆ ಸಾಕೆಟ್‌ಗೆ ಹಾಕಬೇಡಿ.